ಬಾಗಿಲಿಗೆ ಬರೆದ ಸುತ್ತೋಲೆ

ನಾನು ಹುಟ್ಟಿದ್ದು ನರ್ಸಿಂಗ್ ಹೋಮಿನಲ್ಲಿ. ನಮ್ಮ ಕಡೆ ಆ ಹೆಸರಿಗೆ ಇರುವ ಅರ್ಥ ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಹತ್ತಿಪ್ಪತ್ತು ಹಾಸಿಗೆ. ಹೆರಿಗೆಗೆ, ಅಪೆಂಡಿಕ್ಸ್ ಆಪರೇಷನ್ನಿಗೆ, ಜ್ವರ ಇಳಿಯದಿದ್ದರೆ ಡ್ರಿಪ್ ಹಾಕಿಸಿಕೊಳ್ಳಲು ಹೋಗುವ ಜಾಗ ಅದು. ಹೋದವರು ನಾಲ್ಕು ದಿನಕ್ಕೆ ಮನೆಗೆ ಬರುತ್ತಾರೆ.

ಈ ಅರ್ಥವನ್ನೇ ತಲೆಯಲ್ಲಿಟ್ಟುಕೊಂಡು 2020ರ ಜುಲೈನಲ್ಲಿ ನಾನೊಂದು ಸುದ್ದಿಯನ್ನು ತಪ್ಪಾಗಿ ಓದಿದೆ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಮಾರ್ಚ್ ತಿಂಗಳಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಕೋವಿಡ್ ಇದೆ ಎಂಬ ಒಂದೇ ಕಾರಣಕ್ಕೆ ಯಾವ ನರ್ಸಿಂಗ್ ಹೋಮೂ ಯಾರನ್ನೂ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬುದು ಅದರ ಸಾರ. ಅದಕ್ಕಾಗಿ ಅಲ್ಲಿಯ ಜನ ಗವರ್ನರನ್ನು ಶಪಿಸುತ್ತಿದ್ದರು. ಶಪಿಸುವಂಥದ್ದು ಇದರಲ್ಲಿ ಏನಿದೆ ಎಂದು ನನಗೆ ಹೊಳೆಯಲಿಲ್ಲ. ಏಕೆಂದರೆ ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಮನೆಯವರು ಉಸಿರಾಡಲು ಕಷ್ಟಪಡುತ್ತಿದ್ದ ರೋಗಿಯನ್ನು ಕರೆದುಕೊಂಡು ಒಂದು ಆಸ್ಪತ್ರೆಯ ಗೇಟಿನಿಂದ ಇನ್ನೊಂದರ ಗೇಟಿಗೆ ಅಲೆಯುತ್ತಿದ್ದ ಸುದ್ದಿ ದಿನಾ ಬರುತ್ತಿತ್ತು. ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಹೇಳುತ್ತಿದ್ದುದೂ ಇದನ್ನೇ: ಅರ್ಧದಷ್ಟು ಹಾಸಿಗೆಗಳನ್ನು ಸರ್ಕಾರ ಕಳಿಸುವ ರೋಗಿಗಳಿಗೆ ಬಿಡಿ, ಬಂದವರನ್ನು ಹಿಂದಕ್ಕೆ ಕಳಿಸಬೇಡಿ. ಇಲ್ಲಿ ಜನ ಬೇಡಿ ಬೇಡಿ ಪಡೆದ ಆದೇಶಕ್ಕೆ ಅಲ್ಲಿ ಶಾಪವೇಕೆ?

ಒಂದೇ ಹೆಸರಿನ ಎರಡು ಬೇರೆ ಮನೆಗಳ ಬಗ್ಗೆ ಓದುತ್ತಿದ್ದೇನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮೆರಿಕದ ನರ್ಸಿಂಗ್ ಹೋಮ್ ಎಂದರೆ ವಯಸ್ಸಾದವರು, ಸ್ವಂತವಾಗಿ ಎದ್ದು ಕೂರಲಾರದವರು, ಮರೆವಿನ ಕಾಯಿಲೆಯವರು ವರ್ಷಗಟ್ಟಲೆ ಇರುವ ಜಾಗ. ಸೊಂಟದ ಮೂಳೆ ಮುರಿದು ಆಸ್ಪತ್ರೆಯಿಂದ ಬಂದ ಕೆಲವರು ನಾಲ್ಕಾರು ವಾರ ಇದ್ದು ಮನೆಗೆ ಹೋಗುತ್ತಾರೆ. ಉಳಿದವರಿಗೆ ಅದೇ ಮನೆ, ಅದೇ ಕೊನೆಯ ವಿಳಾಸ. ಅಲ್ಲಿ ಡಾಕ್ಟರು ದಿನಾ ಇರುವುದಿಲ್ಲ. ಒಂದು ಕೋಣೆಯಲ್ಲಿ ಇಬ್ಬರು, ಕೆಲವು ಕಡೆ ಮೂವರು. ಸ್ನಾನ ಮಾಡಿಸುವುದು, ಡಯಾಪರ್ ಬದಲಿಸುವುದು, ತುತ್ತು ತಿನ್ನಿಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು, ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಆ ಕೈ ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಹೋಗುತ್ತದೆ. ರೋಗ ಹರಡಲು ಇದಕ್ಕಿಂತ ನೇರ ದಾರಿ ಇಲ್ಲ.

ಅಮೆರಿಕಕ್ಕೆ ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸೋಂಕು ಹಬ್ಬಿದ್ದು ಬೆಳಕಿಗೆ ಬಂದದ್ದು 2020ರ ಫೆಬ್ರವರಿ 29ರಂದು. ಕೆಲವೇ ವಾರಗಳಲ್ಲಿ ಆ ಒಂದು ಕಟ್ಟಡಕ್ಕೆ ಸಂಬಂಧಿಸಿದ ಸಾವುಗಳು ಮೂವತ್ತು ದಾಟಿದವು. ಮಾರ್ಚ್ 13ರಂದು ಒಕ್ಕೂಟ ಸರ್ಕಾರ ದೇಶದ ಎಲ್ಲ ನರ್ಸಿಂಗ್ ಹೋಮುಗಳಿಗೆ ಹೊರಗಿನವರ ಭೇಟಿ ನಿಲ್ಲಿಸಲು ಹೇಳಿತು. ಸಾಯುವ ಹಂತದಲ್ಲಿರುವವರನ್ನು ನೋಡಲು ಮಾತ್ರ ವಿನಾಯಿತಿ. ಮಕ್ಕಳು ಹೊರಗೆ ಅಂಗಳದಲ್ಲಿ ನಿಂತು ಕಿಟಕಿಯ ಗಾಜಿಗೆ ಅಂಗೈ ಇಟ್ಟು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವ ಚಿತ್ರಗಳು ಬರತೊಡಗಿದ್ದು ಆಗ.

ಹನ್ನೆರಡು ದಿನಗಳ ನಂತರ, ಮಾರ್ಚ್ 25ರಂದು, ನ್ಯೂಯಾರ್ಕಿನ ಸುತ್ತೋಲೆ ಬಂತು. ಮಗಳಿಗೆ ಮುಚ್ಚಿದ್ದ ಬಾಗಿಲನ್ನು ಸೋಂಕಿತರಿಗೆ ತೆರೆಯಬೇಕು ಎಂದಂತಾಯಿತು ಅದು. ಆಸ್ಪತ್ರೆಯವರು ಸ್ಥಿರವಾಗಿದ್ದಾರೆ ಎಂದು ಹೇಳಿದ ಮೇಲೆ, ಕೋವಿಡ್ ಖಚಿತವಾಗಿದ್ದರೂ ಶಂಕೆಯಿದ್ದರೂ, ಆ ಕಾರಣವೊಂದನ್ನೇ ಮುಂದಿಟ್ಟು ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಸೇರಿಸಿಕೊಳ್ಳುವ ಮುಂಚೆ ಪರೀಕ್ಷೆ ಮಾಡಿಸಿ ಕಳಿಸಿ ಎಂದು ಆಸ್ಪತ್ರೆಯನ್ನು ಕೇಳುವಂತೆಯೂ ಇಲ್ಲ. ಮಾರನೆಯ ದಿನವೇ ನರ್ಸಿಂಗ್ ಹೋಮ್ ವೈದ್ಯರ ರಾಷ್ಟ್ರೀಯ ಸಂಘ ಇದನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಒಕ್ಕೂಟ ಸರ್ಕಾರದ ಸಲಹೆಯೂ ಆ ಹೊತ್ತಿಗಾಗಲೇ ಬಂದಿತ್ತು. ಆದರೆ ಅದು ಹೇಳಿದ್ದು, ಪ್ರತ್ಯೇಕವಾಗಿಟ್ಟು ನೋಡಿಕೊಳ್ಳಲು ಶಕ್ತಿಯಿದ್ದರೆ ಕೋವಿಡ್ ರೋಗಿಯನ್ನು ತೆಗೆದುಕೊಳ್ಳಬಹುದು ಎಂದು. 'ಶಕ್ತಿಯಿದ್ದರೆ ತೆಗೆದುಕೊಳ್ಳಬಹುದು' ಎನ್ನುವುದಕ್ಕೂ 'ಬೇಡ ಎನ್ನುವಂತಿಲ್ಲ' ಎನ್ನುವುದಕ್ಕೂ ಇರುವ ಅಂತರ ಕಾಗದದ ಮೇಲೆ ಎರಡೇ ಮಾತು. ಆಮೇಲೆ ವರ್ಷಗಟ್ಟಲೆ ನಡೆದ ಜಗಳವೆಲ್ಲ ಆ ಎರಡು ಮಾತಿನ ನಡುವೆಯೇ ನಡೆಯಿತು.

ಸುತ್ತೋಲೆ ಬರೆದವರನ್ನು ರಾಕ್ಷಸರೆಂದುಕೊಂಡರೆ ಈ ಚರಿತ್ರೆ ಅರ್ಥವಾಗುವುದಿಲ್ಲ. ಆ ವಾರ ಗವರ್ನರ್ ಆಂಡ್ರ್ಯೂ ಕ್ಯೂಮೊ ದಿನಾ ಟಿವಿಯಲ್ಲಿ ಹೇಳುತ್ತಿದ್ದ ಲೆಕ್ಕ ಇದು: ರಾಜ್ಯದಲ್ಲಿ ಇರುವುದು 53,000 ಆಸ್ಪತ್ರೆ ಹಾಸಿಗೆ, ಬೇಕಾಗಬಹುದಾದದ್ದು 1,40,000. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಪ್ರತಿಯೊಬ್ಬ ಮುದುಕರೂ ಜಾಗ ಬಿಟ್ಟರೆ ಅಷ್ಟರ ಮಟ್ಟಿಗೆ ಉಸಿರು ಕಟ್ಟಿ ಬಂದ ಇನ್ನೊಬ್ಬರಿಗೆ ಜಾಗ. ಆ ಲೆಕ್ಕ ನಿಜವಾಗಲಿಲ್ಲ. ಏಪ್ರಿಲ್ ಎರಡನೇ ವಾರ ಆಸ್ಪತ್ರೆಗಳಲ್ಲಿದ್ದ ಕೋವಿಡ್ ರೋಗಿಗಳ ಸಂಖ್ಯೆ 18,000 ದಾಟಿ ಅಲ್ಲಿಂದ ಇಳಿಯಿತು. ಮಾರ್ಚ್ 30ಕ್ಕೆ ನ್ಯೂಯಾರ್ಕ್ ಬಂದರಿಗೆ ಬಂದಿದ್ದ ನೌಕಾಪಡೆಯ ಆಸ್ಪತ್ರೆ ಹಡಗು 'ಕಂಫರ್ಟ್'ನಲ್ಲಿ 1,000 ಹಾಸಿಗೆಗಳಿದ್ದವು. ಒಂದು ತಿಂಗಳಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು 200 ಮಂದಿಯೂ ಇಲ್ಲ. ಆದರೆ ಮಾರ್ಚ್ 25ರಂದು ಇದು ಯಾರಿಗೂ ತಿಳಿದಿರಲಿಲ್ಲ. ಭಯದ ಹೊತ್ತಿನಲ್ಲಿ ಬರೆದ ಆದೇಶವನ್ನು ಸಮಾಧಾನದ ಹೊತ್ತಿನಲ್ಲಿ ಓದುವಾಗ ಇಷ್ಟನ್ನು ನೆನಪಿಡಬೇಕು. ಹಡಗು ಖಾಲಿ ನಿಂತಿದ್ದು ಕಣ್ಣಿಗೆ ಕಂಡ ಮೇಲೂ ಸುತ್ತೋಲೆ ಮೇ 10ರವರೆಗೆ ಯಾಕೆ ಉಳಿಯಿತು ಎಂದು ಕೇಳುವ ಹಕ್ಕನ್ನೂ ಬಿಟ್ಟುಕೊಡಬಾರದು.

ಆ ವಾಕ್ಯದ ವಂಶಾವಳಿಯೂ ಕೆಟ್ಟದ್ದಲ್ಲ. 1980ರ ದಶಕದಲ್ಲಿ ಏಡ್ಸ್ ಬಂದಾಗ ಅಮೆರಿಕದ ಅನೇಕ ನರ್ಸಿಂಗ್ ಹೋಮುಗಳು ಆ ರೋಗಿಗಳಿಗೆ ಬಾಗಿಲು ಮುಚ್ಚಿದ್ದವು. ಕಾಯಿಲೆಯ ಹೆಸರು ಹೇಳಿ ಮನುಷ್ಯನನ್ನು ಹೊರಗಿಡಬಾರದು ಎಂಬ ತತ್ವ ಅಂಥ ಅನುಭವಗಳಿಂದ ಗಟ್ಟಿಯಾಗಿ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂಥವುಗಳಲ್ಲಿ ಸೇರಿಕೊಂಡಿತು. ಅದಕ್ಕೂ ಮುಂಚೆ, 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯಲ್ಲಿ, ಆಸ್ಪತ್ರೆಗೆ ಹೋದ ನಿವಾಸಿಗೆ ತನ್ನ ನರ್ಸಿಂಗ್ ಹೋಮಿಗೆ ಮರಳುವ ರಕ್ಷಣೆಯನ್ನು ಕೊಡಲಾಗಿತ್ತು. ಬಡ ಮುದುಕರನ್ನು ಆಸ್ಪತ್ರೆಗೆ ಸಾಗಿಸಿ, ಆ ಹಾಸಿಗೆಯನ್ನು ಹೆಚ್ಚು ದುಡ್ಡು ಕೊಡುವವರಿಗೆ ಕೊಟ್ಟುಬಿಡುವ ಚಾಳಿಗೆ ಅದು ತಡೆ. 2020ರ ಸುತ್ತೋಲೆ ಮಾತಾಡಿದ್ದು ಈ ಹಕ್ಕುಗಳ ಭಾಷೆಯಲ್ಲೇ. ಆದರೆ ಏಡ್ಸ್ ಗಾಳಿಯಲ್ಲಿ ಹರಡುವುದಿಲ್ಲ. ಏಡ್ಸ್ ಇರುವವರನ್ನು ಹೊರಗಿಟ್ಟರೆ ಅನ್ಯಾಯ ಅವರೊಬ್ಬರಿಗೆ. ಕೋವಿಡ್ ಇರುವವರನ್ನು ತಯಾರಿಯಿಲ್ಲದ ಮನೆಗೆ ಒಳಬಿಟ್ಟರೆ ಪಕ್ಕದ ಮಂಚದವರ ಹಕ್ಕು ಏನಾಯಿತು? ಸುತ್ತೋಲೆಯಲ್ಲಿ ಆ ಪಕ್ಕದ ಮಂಚ ಇರಲೇ ಇಲ್ಲ.

ಇಲ್ಲಿ ಒಂದು ಸಣ್ಣ ಹಿನ್ನೋಟ ಬೇಕು. ಈ ಮನೆಗಳು ತಯಾರಿಲ್ಲದೆ ಇದ್ದುದಕ್ಕೂ ಕಾನೂನಿನದೇ ಒಂದು ಕಥೆ ಇದೆ. ಹಿಂದೆ ಅಮೆರಿಕದಲ್ಲಿ ದಿಕ್ಕಿಲ್ಲದ ಮುದುಕರನ್ನು ಊರಿನ ಬಡವರ ಮನೆಗೆ, ಅಂದರೆ ಸರ್ಕಾರಿ ಅನಾಥಾಲಯದಂಥ ಜಾಗಕ್ಕೆ, ಹಾಕುತ್ತಿದ್ದರು. ಆ ನರಕ ಮುಚ್ಚಿಹೋಗಲಿ ಎಂದು 1935ರ ಸಾಮಾಜಿಕ ಭದ್ರತಾ ಕಾಯ್ದೆ, ಸರ್ಕಾರಿ ಸಂಸ್ಥೆಗಳಲ್ಲಿ ಇರುವವರಿಗೆ ವೃದ್ಧಾಪ್ಯ ನೆರವು ಇಲ್ಲ ಎಂದಿತು. ನೆರವಿನ ಹಣ ಕೈಯಲ್ಲಿ ಹಿಡಿದ ಮುದುಕರು ಖಾಸಗಿ ಮನೆಗಳಿಗೆ ಹೋದರು. ಕೋಣೆ ಬಾಡಿಗೆಗೆ ಕೊಡುತ್ತಿದ್ದವರು ಒಬ್ಬ ನರ್ಸನ್ನು ಇಟ್ಟುಕೊಂಡು ಹೊಸ ಬೋರ್ಡು ಹಾಕಿದರು. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಯೋಜನೆಗಳು ಬಂದವು. ಬಡವರ ಖರ್ಚನ್ನು ಮೆಡಿಕೇಡ್ ಕೊಡತೊಡಗಿದ ಮೇಲೆ ಇದು ದೊಡ್ಡ ವ್ಯಾಪಾರವಾಯಿತು. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಬರ್ನಾರ್ಡ್ ಬರ್ಗ್‌ಮನ್ ಎಂಬ ನರ್ಸಿಂಗ್ ಹೋಮ್ ಮಾಲೀಕನ ಹಗರಣ ಸ್ಫೋಟಗೊಂಡಿತು. 1975ರಲ್ಲಿ ಗವರ್ನರ್ ಹ್ಯೂ ಕ್ಯಾರಿ ವಿಶೇಷ ಆಯೋಗವನ್ನೇ ನೇಮಿಸಬೇಕಾಯಿತು. ಸರ್ಕಾರದ ದುಡ್ಡು ಮಾಲೀಕರಿಗೆ ಹೋಗಿದೆ, ಮುದುಕರು ಕೊಳಕಿನಲ್ಲಿ ಮಲಗಿದ್ದಾರೆ ಎಂಬುದು ಅಂದಿನ ದೂರು.

ಹತ್ತು ವರ್ಷ ಕಳೆದು ಬಂದ 1987ರ ಕಾಯ್ದೆ ಬಹಳಷ್ಟನ್ನು ಸರಿಪಡಿಸಿತು. ನಿವಾಸಿಗಳನ್ನು ಹಾಸಿಗೆಗೆ ಕಟ್ಟಿಹಾಕುವುದಕ್ಕೆ ಕಡಿವಾಣ ಬಿತ್ತು. ಆರೈಕೆ ಮಾಡುವ ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯವಾಯಿತು. ಆದರೆ ಒಬ್ಬ ನಿವಾಸಿಗೆ ದಿನಕ್ಕೆ ಎಷ್ಟು ಹೊತ್ತಿನ ಆರೈಕೆ ಸಿಗಬೇಕು ಎಂಬ ಸಂಖ್ಯೆಯನ್ನು ಮಾತ್ರ ಆ ಕಾಯ್ದೆ ಬರೆಯಲಿಲ್ಲ. ಸಾಕಷ್ಟು ಸಿಬ್ಬಂದಿ ಇರಬೇಕು ಎಂದಿತು. ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ಲೆಕ್ಕ ನೋಡುವ ಮಾಲೀಕನ ವಿವೇಚನೆಗೆ ಬಿಟ್ಟಂತಾಯಿತು.

2020ರ ಮಾರ್ಚಿಗೆ ನ್ಯೂಯಾರ್ಕಿನಲ್ಲಿ ಆರುನೂರಕ್ಕೂ ಹೆಚ್ಚು ನರ್ಸಿಂಗ್ ಹೋಮುಗಳಿದ್ದವು. ಅವುಗಳಲ್ಲಿ 401 ಲಾಭಕ್ಕಾಗಿ ನಡೆಯುವಂಥವು. ಆ 401ರಲ್ಲಿ 280 ಮನೆಗಳಿಗೆ ಸಿಬ್ಬಂದಿಯ ವಿಷಯದಲ್ಲಿ ಒಕ್ಕೂಟ ಸರ್ಕಾರ ಕೊಟ್ಟಿದ್ದುದು ಐದಕ್ಕೆ ಒಂದೋ ಎರಡೋ ನಕ್ಷತ್ರ. ಹೋಟೆಲಿಗೆ ಕೊಡುವ ಹಾಗೆ ಅಲ್ಲಿ ಇವಕ್ಕೂ ನಕ್ಷತ್ರ ಕೊಡುತ್ತಾರೆ. ಸುತ್ತೋಲೆ ಹೋಗಿ ತಲುಪಿದ್ದು ಈ ಮನೆಗಳಿಗೆ. ಕೈಗವಸು, ಮಾಸ್ಕು, ಗೌನು ಇರಲಿಲ್ಲ. ಕೆಲಸದವರಲ್ಲಿ ಅನೇಕರು ಒಂದು ಮನೆಯ ಸಂಬಳ ಸಾಲದೆ ಎರಡು ಮನೆಗಳಲ್ಲಿ ದುಡಿಯುತ್ತಿದ್ದರು. ಜ್ವರ ಬಂದರೂ ರಜೆ ಹಾಕಿದರೆ ಅಂದಿನ ಕೂಲಿ ಹೋಯಿತು.

ಮೇ 8ರವರೆಗೆ ಈ ಸುತ್ತೋಲೆಯಡಿ ಎಷ್ಟು ರೋಗಿಗಳು ನರ್ಸಿಂಗ್ ಹೋಮುಗಳಿಗೆ ಹೋದರು? ಇಲಾಖೆ ಜುಲೈ 6ರ ವರದಿಯಲ್ಲಿ ಹೇಳಿದ್ದು 6,326. ನಾನು ತಪ್ಪಾಗಿ ಓದಿದ ಸುದ್ದಿ ಈ ವರದಿಯದೇ. ಮೊದಲೇ ಅಲ್ಲಿದ್ದು ಆಸ್ಪತ್ರೆಗೆ ಹೋಗಿ ಮರಳಿದವರನ್ನೂ ಸೇರಿಸಿದರೆ 9,000ಕ್ಕೂ ಹೆಚ್ಚು ಎಂದು ಮುಂದಿನ ಫೆಬ್ರವರಿಯಲ್ಲಿ ಹೊರಬಿತ್ತು. ಸೋಂಕು ತಂದವರು ಈ ರೋಗಿಗಳಲ್ಲ, ಅರಿಯದೆ ತಂದವರು ಕೆಲಸದವರು ಎಂಬುದು ಇಲಾಖೆಯ ವಾದ. ನರ್ಸಿಂಗ್ ಹೋಮ್ ಕೆಲಸಗಾರರಲ್ಲಿ ನಾಲ್ಕರಲ್ಲಿ ಒಬ್ಬರಿಗೆ, ಸುಮಾರು 37,500 ಮಂದಿಗೆ, ಸೋಂಕು ತಗಲಿತ್ತು ಎಂದು ಅದು ತೋರಿಸಿತು. ಈ ವಾದದಲ್ಲಿ ನಿಜಾಂಶವಿದೆ. ಅನೇಕ ಮನೆಗಳಿಗೆ ವೈರಸ್ ಸುತ್ತೋಲೆಗಿಂತ ಮುಂಚೆಯೇ ಬಂದಿತ್ತು. ಸುತ್ತೋಲೆಯೊಂದೇ ಸಾವಿರಾರು ಜನರನ್ನು ಕೊಂದಿತು ಎನ್ನುವುದು ರಾಜಕೀಯದ ಮಾತು.

ಆದರೆ ಇಲಾಖೆಯ ಈ ವಾದ ಅದರ ಮೇಲೇ ತಿರುಗಿ ಬೀಳುತ್ತದೆ. ಸೋಂಕು ಬಂದದ್ದು ಕೆಲಸದವರ ಮೂಲಕ ಎಂದಾದರೆ, ಅವರಿಗಾಗಿ ಅಂಥದೇ ಒಂದು ಖಡಕ್ ಆದೇಶ ಯಾಕೆ ಮಾರ್ಚಿನಲ್ಲಿ ಹೊರಡಲಿಲ್ಲ? ಕೆಲಸದವರಿಗೆ ವಾರಕ್ಕೆ ಎರಡು ಸಲ ಪರೀಕ್ಷೆ ಕಡ್ಡಾಯವಾದದ್ದು ಮೇ 10ರಂದು. ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದರೆ ಮಾತ್ರ ಆಸ್ಪತ್ರೆಯಿಂದ ನರ್ಸಿಂಗ್ ಹೋಮಿಗೆ ಕಳಿಸಬೇಕು ಎಂದದ್ದೂ ಅದೇ ಆದೇಶದಲ್ಲಿ. ಮಾರ್ಚಿನಲ್ಲಿ ಪರೀಕ್ಷಾ ಕಿಟ್ಟುಗಳ ಕೊರತೆ ಇತ್ತು, ಒಪ್ಪಿಕೊಳ್ಳೋಣ. ಕಿಟ್ ಇಲ್ಲದೆಯೂ ಮಾಡಬಹುದಾದದ್ದು ಬೇರೆ ಇತ್ತು.

ಅದನ್ನು ಅದೇ ವಾರ ಕೆನಡಾದ ಬ್ರಿಟಿಷ್ ಕೊಲಂಬಿಯಾ ಮಾಡಿತು. ಕೆನಡಾದ ಮೊದಲ ಕೋವಿಡ್ ಸಾವು ಮಾರ್ಚ್ 8ರಂದು ಆ ಪ್ರಾಂತ್ಯದ ನಾರ್ತ್ ವ್ಯಾಂಕೂವರಿನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಆಗಿತ್ತು. ಮಾರ್ಚ್ ಕೊನೆಯ ವಾರ ಅಲ್ಲಿನ ಆರೋಗ್ಯಾಧಿಕಾರಿ ಡಾ. ಬಾನಿ ಹೆನ್ರಿ, ಇಂಥ ಮನೆಗಳ ಕೆಲಸದವರು ಒಂದೇ ಮನೆಯಲ್ಲಿ ಕೆಲಸ ಮಾಡಬೇಕು ಎಂದು ಆದೇಶಿಸಿದರು. ಆದೇಶವಷ್ಟೇ ಆಗಿದ್ದರೆ ಎರಡು ಮನೆಯಲ್ಲಿ ದುಡಿದು ಬದುಕುವವರ ಹೊಟ್ಟೆಯ ಮೇಲೆ ಹೊಡೆದಂತೆ. ಸರ್ಕಾರ ಅದರ ಜೊತೆಗೆ ಸಂಬಳವನ್ನೂ ಸಮ ಮಾಡಿತು. ಕಡಿಮೆ ಕೊಡುತ್ತಿದ್ದ ಖಾಸಗಿ ಮನೆಗಳ ಕೆಲಸದವರಿಗೂ ಕಾರ್ಮಿಕ ಸಂಘದ ಒಪ್ಪಂದದ ದರ ಸಿಗುವಂತೆ ವ್ಯತ್ಯಾಸದ ಹಣ ಕೊಟ್ಟಿತು. ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಆದೇಶ ಜಾರಿಗೆ ಬಂದದ್ದು ಏಪ್ರಿಲ್ 22ಕ್ಕೆ. ಮೊದಲ ಅಲೆಯಲ್ಲಿ ಆರೈಕೆ ಮನೆಗಳ ಸಾವುಗಳು ಒಂಟಾರಿಯೊ, ಕ್ವಿಬೆಕ್‌ಗಳಿಗಿಂತ ಬ್ರಿಟಿಷ್ ಕೊಲಂಬಿಯಾದಲ್ಲಿ ಬಹಳ ಕಡಿಮೆ. ಅದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಒಂದು ಸರ್ಕಾರ ಬಾಗಿಲನ್ನು ನೋಡುತ್ತಿದ್ದಾಗ ಇನ್ನೊಂದು ಸರ್ಕಾರ ತುತ್ತು ತಿನ್ನಿಸುವ ಕೈಯನ್ನು ನೋಡಿತು ಎಂಬುದು ನನಗೆ ಮುಖ್ಯ.

ಹಾಗೆಂದು ಬಾಗಿಲ ತಪ್ಪು ನ್ಯೂಯಾರ್ಕಿನದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಮಾರ್ಚ್ 17ರಿಂದ ಏಪ್ರಿಲ್ 15ರ ನಡುವೆ ಸುಮಾರು 25,000 ಮಂದಿಯನ್ನು ಆಸ್ಪತ್ರೆಗಳಿಂದ ಆರೈಕೆ ಮನೆಗಳಿಗೆ ಕಳಿಸಲಾಯಿತು. ಎಷ್ಟೋ ಮಂದಿಗೆ ಪರೀಕ್ಷೆ ಆಗಿರಲಿಲ್ಲ. ತಂದೆಯರನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋದರು. 2022ರ ಏಪ್ರಿಲ್ 27ರಂದು ಲಂಡನ್ನಿನ ಹೈಕೋರ್ಟು ಆ ನೀತಿಯನ್ನು ಕಾನೂನುಬಾಹಿರ ಎಂದಿತು. ಲಕ್ಷಣವಿಲ್ಲದವರಿಂದಲೂ ಸೋಂಕು ಹರಡಬಹುದೆಂಬ ಅಪಾಯವನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ಅದಕ್ಕೆ ಕಾರಣ. ಹೊಸದಾಗಿ ಬಂದವರನ್ನು 14 ದಿನ ಸಾಧ್ಯವಾದಷ್ಟು ಬೇರೆ ಇಡಿ ಎಂಬ ಒಂದು ಮಾತನ್ನಾದರೂ ಸೇರಿಸಬಹುದಿತ್ತು ಎಂಬುದು ತೀರ್ಪಿನ ಆಶಯ.

ನ್ಯೂಯಾರ್ಕಿನಲ್ಲಿ ಜಗಳ ಬೇರೆ ದಿಕ್ಕಿಗೆ ಹೊರಳಿತು. ಸತ್ತವರೆಷ್ಟು ಎಂಬ ಪ್ರಶ್ನೆಗೇ ಉತ್ತರ ಸಿಗದಾಯಿತು. ನರ್ಸಿಂಗ್ ಹೋಮಿನಲ್ಲಿ ಸೋಂಕು ತಗಲಿ, ಉಸಿರು ಸಿಗದೆ ಆಸ್ಪತ್ರೆಗೆ ಹೋಗಿ ಸತ್ತವರನ್ನು ಇಲಾಖೆ ನರ್ಸಿಂಗ್ ಹೋಮಿನ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಎಲ್ಲಿ ಪ್ರಾಣ ಹೋಯಿತೋ ಅಲ್ಲಿಗೆ ಲೆಕ್ಕ. ವರ್ಷಗಟ್ಟಲೆ ಬಾಳಿದ ಮನೆ ಕೊನೆಯ ಎರಡು ದಿನದಿಂದಾಗಿ ಅಳಿಸಿಹೋಯಿತು. 2021ರ ಜನವರಿ 28ರಂದು ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ವರದಿ ಹೊರತಂದು, ಸಾವುಗಳನ್ನು ಶೇ. 50ರಷ್ಟು ಕಡಿಮೆ ತೋರಿಸಿರಬಹುದು ಎಂದರು. ಆಕೆ ಕ್ಯೂಮೊ ಅವರದೇ ಪಕ್ಷದವರು. ಅಂದೇ ಸಂಜೆಯ ಹೊತ್ತಿಗೆ ಇಲಾಖೆಯ ಸಂಖ್ಯೆ 8,700ರ ಆಸುಪಾಸಿನಿಂದ 12,743ಕ್ಕೆ ಏರಿತು. 2022ರ ಮಾರ್ಚಿನಲ್ಲಿ ರಾಜ್ಯದ ಲೆಕ್ಕ ಪರಿಶೋಧನೆಯೂ ಕನಿಷ್ಠ 4,100 ಸಾವುಗಳು ಜನರಿಗೆ ತಿಳಿಯದೆ ಉಳಿದಿದ್ದವು ಎಂದು ಹೇಳಿತು.

ಇದನ್ನು ಬರೀ ಅಂಕಿಗಳ ಕಳ್ಳಾಟ ಎಂದುಕೊಳ್ಳಬಾರದು. ಯಾವ ಮನೆಯಲ್ಲಿ ಎಷ್ಟು ಜನ ಸಾಯುತ್ತಿದ್ದಾರೆ ಎಂದು ಗೊತ್ತಾದರೆ ತಾನೆ ಮಗ ತನ್ನ ತಂದೆಯನ್ನು ಅಲ್ಲಿಂದ ಕರೆತರುವ ಯೋಚನೆ ಮಾಡುವುದು? ಭೇಟಿಗೆ ಬರುವ ಮನೆಯವರು ನರ್ಸಿಂಗ್ ಹೋಮಿನ ಸಂಬಳವಿಲ್ಲದ ಇನ್ಸ್‌ಪೆಕ್ಟರುಗಳು. ತುಟಿ ಒಣಗಿದೆ, ಬೆನ್ನು ಹುಣ್ಣಾಗಿದೆ, ನೀರು ಕುಡಿಸಿಲ್ಲ ಎಂದು ಮೊದಲು ನೋಡುವವರು ಅವರೇ. ಮಾರ್ಚಿನಲ್ಲಿ ಅವರನ್ನು ಹೊರಗೆ ನಿಲ್ಲಿಸಲಾಗಿತ್ತು. ಏಪ್ರಿಲ್ ಮೊದಲ ವಾರ ಬಜೆಟ್ಟಿನ ಜೊತೆಗೇ ಆಸ್ಪತ್ರೆಗಳಿಗೂ ನರ್ಸಿಂಗ್ ಹೋಮುಗಳಿಗೂ ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಕಾನೂನು ಪಾಸಾಯಿತು. ಮನೆಯವರ ಕಣ್ಣಿಲ್ಲ, ಕೋರ್ಟಿನ ಭಯವಿಲ್ಲ, ಸಾವಿನ ಲೆಕ್ಕವಿಲ್ಲ. ಒಂದೊಂದಕ್ಕೂ ಪ್ರತ್ಯೇಕವಾಗಿ ಒಂದು ಸಮರ್ಥನೆ ಇತ್ತು. ಮೂರೂ ಒಂದೇ ಕಟ್ಟಡದ ಮೇಲೆ ಒಂದೇ ತಿಂಗಳಲ್ಲಿ ಬಿದ್ದಾಗ ಒಳಗಿದ್ದವರಿಗೆ ಉಳಿದದ್ದು ಯಾರು? ರೇನ್‌ಕೋಟನ್ನೇ ಗೌನೆಂದು ತೊಟ್ಟು ಕೆಲಸಕ್ಕೆ ಬಂದ ಸಹಾಯಕಿಯರು ಮಾತ್ರ.

ಮೊಕದ್ದಮೆ ರಕ್ಷಣೆಯ ಕಾನೂನನ್ನು 2021ರ ಏಪ್ರಿಲಿನಲ್ಲಿ ರದ್ದು ಮಾಡಿದರು. ಅದೇ ವರ್ಷ, 1987ರಲ್ಲಿ ಬರೆಯದೆ ಬಿಟ್ಟಿದ್ದ ಸಂಖ್ಯೆಯನ್ನು ನ್ಯೂಯಾರ್ಕ್ ಕೊನೆಗೂ ಬರೆಯಿತು: ಪ್ರತಿ ನಿವಾಸಿಗೆ ದಿನಕ್ಕೆ 3.5 ಗಂಟೆಗಳ ಆರೈಕೆ. ಆದಾಯದಲ್ಲಿ ಶೇ. 70ರಷ್ಟನ್ನು ಆರೈಕೆಗೆ, ಶೇ. 40ರಷ್ಟನ್ನು ನೇರವಾಗಿ ನೋಡಿಕೊಳ್ಳುವ ಸಿಬ್ಬಂದಿಗೆ ಖರ್ಚು ಮಾಡಬೇಕು ಎಂಬ ನಿಯಮವೂ ಬಂತು. ಮುಂದೆ ಸೋಂಕಿನ ಕಾಲ ಬಂದರೂ ಹತ್ತಿರದ ಒಬ್ಬರು ಒಳಗೆ ಹೋಗಿ ನೋಡಿಕೊಳ್ಳಲು ಅವಕಾಶ ಇರಬೇಕು ಎಂದೂ ಕಾನೂನಾಯಿತು. ಕ್ಯೂಮೊ 2021ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಅದು ಲೈಂಗಿಕ ಕಿರುಕುಳದ ಆರೋಪಗಳ ಕಾರಣಕ್ಕೆ, ನರ್ಸಿಂಗ್ ಹೋಮುಗಳ ಕಾರಣಕ್ಕಲ್ಲ.

ಈಗ ನನ್ನ ತಪ್ಪು ಓದಿಗೆ ಮರಳುತ್ತೇನೆ. ಬೆಂಗಳೂರಿನ ಆದೇಶವೂ ನ್ಯೂಯಾರ್ಕಿನ ಸುತ್ತೋಲೆಯೂ ಹೆಚ್ಚುಕಡಿಮೆ ಒಂದೇ ವಾಕ್ಯ. ಡಾಕ್ಟರು, ಆಮ್ಲಜನಕ, ಐಸಿಯು ಇದ್ದ ಕಡೆ ಬಂದವರನ್ನು ತಿರುಗಿಸಿ ಕಳಿಸಬೇಡಿ ಎನ್ನುವುದು ಪ್ರಾಣ ಉಳಿಸುವ ಮಾತು. ಒಬ್ಬಳೇ ಸಹಾಯಕಿ ರಾತ್ರಿ ಪಾಳಿಯಲ್ಲಿ ಹದಿನೈದು ಇಪ್ಪತ್ತು ಜನರನ್ನು ನೋಡಿಕೊಳ್ಳುವ ಕಡೆ ಅದೇ ಮಾತು ಅಪಾಯದ ಮಾತು. ವಾಕ್ಯದ ಒಳ್ಳೆಯತನ ವಾಕ್ಯದಲ್ಲಿಲ್ಲ, ಅದು ತಲುಪುವ ಕಟ್ಟಡದ ಒಳಗೆ ಎಷ್ಟು ಕೈಗಳಿವೆ ಎಂಬುದರಲ್ಲಿದೆ. ಆದೇಶ ಬರೆಯುವವರು ಹಾಸಿಗೆ ಎಣಿಸುವುದು ಸುಲಭ. ಅದು ಕದಲುವುದಿಲ್ಲ, ಸಂಬಳ ಕೇಳುವುದಿಲ್ಲ.

ಇದು ನಮಗೆ ದೂರದ ಕಥೆಯಾಗಿ ಬಹಳ ದಿನ ಉಳಿಯಲಾರದು. ಮಕ್ಕಳು ಪರದೇಶದಲ್ಲಿರುವ ತಂದೆ ತಾಯಿಗಳಿಗಾಗಿ ಬೆಂಗಳೂರು, ಮೈಸೂರುಗಳಲ್ಲಿ ದುಡ್ಡು ಕೊಟ್ಟು ಇರುವ ವೃದ್ಧರ ಮನೆಗಳು ಹೆಚ್ಚುತ್ತಿವೆ. ಅಮೆರಿಕದ ಅರ್ಥದ ನರ್ಸಿಂಗ್ ಹೋಮ್ ಬೇರೆ ಬೇರೆ ಹೆಸರಿನಲ್ಲಿ ನಮ್ಮ ಬಡಾವಣೆಗಳಿಗೂ ಬಂದಿದೆ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ, ಅದರಲ್ಲಿ ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರಲಿ ಎನ್ನುತ್ತದೆ. ಒಳಗಿನ ಆರೈಕೆಯ ಗುಣಮಟ್ಟವನ್ನು ರಾಜ್ಯಗಳ ಯೋಜನೆಗೆ ಬಿಡುತ್ತದೆ. ಅಲ್ಲೂ ಸಂಖ್ಯೆ ಸಿಕ್ಕಿದ್ದು ಜಾಗಕ್ಕೆ.

ನನ್ನ ಪರಿಚಯದವರೊಬ್ಬರು ಈಚೆಗೆ ತಾಯಿಗೆ ಇಂಥದೊಂದು ಮನೆ ಹುಡುಕುತ್ತಿದ್ದರು. ಕೋಣೆ, ತೋಟ, ಊಟ, ದೇವರ ಮನೆ, ಎಲ್ಲ ವಿಚಾರಿಸಿಕೊಂಡು ಬಂದಿದ್ದರು. ರಾತ್ರಿ ಎಷ್ಟು ಜನ ಕೆಲಸಕ್ಕಿರುತ್ತಾರೆ, ಅವರು ಬೆಳಿಗ್ಗೆ ಇಲ್ಲಿಂದ ಇನ್ನೆಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ ಎಂದು ಕೇಳಿದಿರಾ ಅಂದೆ. ಕೇಳಿರಲಿಲ್ಲ. ಮಾರನೆಯ ದಿನ ಫೋನ್ ಮಾಡಿ ಕೇಳಿದರು. ಹೇಳುತ್ತೇವೆ ಅಂದಿದ್ದಾರಂತೆ, ಇನ್ನೂ ಹೇಳಿಲ್ಲ.